ಇಪ್ಪತ್ತೇಳನೇ ನಂಬರಿನ ಬಾಟಲಿ

ಅಕ್ಕಿ ತೊಳೆದು ಒಲೆಯ ಮೇಲಿಡಬೇಕು. ಆಲೂಗಡ್ಡೆಯ ಸಿಪ್ಪೆ ಪೂರ್ತಿ ಸುಲಿದು ಬೇಯಿಸಬೇಕು, ರೇಸಿನ ದಿನ ಹೊಟ್ಟೆಗೆ ನಾರು ಹೋಗಕೂಡದು. ನಾಲ್ಕು ಮೊಟ್ಟೆ ಬೇಯಿಸಿ ಹಳದಿ ತೆಗೆದಿಡಬೇಕು. ಬಾಳೆಹಣ್ಣು ಆರಿಸಬೇಕು, ತೀರಾ ಕಾಯಿಯೂ ಆಗಬಾರದು, ಕಳಿತದ್ದೂ ಆಗಬಾರದು. ಆರು ಬಾಟಲಿ ನೀರಿಗೆ ಅಳೆದು ಉಪ್ಪು, ಸಕ್ಕರೆ, ನಿಂಬೆರಸ ಬೆರೆಸಿ ಒಂದೊಂದಕ್ಕೂ ಕುಡಿಯಬೇಕಾದ ಹೊತ್ತಿನ ಚೀಟಿ ಅಂಟಿಸಬೇಕು: ಏಳು, ಎಂಟೂವರೆ, ಹತ್ತು, ಹನ್ನೊಂದೂವರೆ, ಹನ್ನೆರಡೂವರೆ, ಕೊನೆಯದಕ್ಕೆ ಬರೀ 'ಮುಗಿದ ಮೇಲೆ'. ರಾತ್ರಿ ಒಗೆದುಹಾಕಿದ, ಬೆಂಕಿ ತಡೆಯುವ ಒಳಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಕಂಕುಳ ಹತ್ತಿರ ಮುಟ್ಟಿ ನೋಡಬೇಕು. ಪಸೆ ಉಳಿದಿದ್ದರೆ ಕಾರಿನ ಕಾವಿಗೆ ಮೈ ಬೆಂದುಹೋಗುತ್ತದೆ. ಮಂಜುಗಡ್ಡೆಯ ಪೊಟ್ಟಣಗಳನ್ನು ಡಬ್ಬಕ್ಕೆ ತುಂಬಬೇಕು. ತೂಕದ ಯಂತ್ರ ಒರೆಸಿ ಮಂಚದ ಪಕ್ಕ ಇಡಬೇಕು. ಕಸ ಹೊರಗಿಡಬೇಕು. ಇಷ್ಟನ್ನೂ ಬೆಳಕು ಹರಿಯುವ ಮೊದಲು, ಒಂದು ಲೋಟದ ಸದ್ದೂ ಆಗದ ಹಾಗೆ ಮಾಡಬೇಕು. ಚಾಲಕನಿಗೆ ಎಂಟು ಗಂಟೆ ನಿದ್ದೆ ಕಡ್ಡಾಯ ಎಂದು ತಂಡದವರು ಕೊಟ್ಟ ಹಾಳೆಯಲ್ಲಿ ಅಚ್ಚಾಗಿತ್ತು. ಇದನ್ನೆಲ್ಲ ಮಾಡುವವಳಿಗೆ ಎಷ್ಟು ಗಂಟೆ ನಿದ್ದೆ ಬೇಕೆಂಬುದು ಆ ಹಾಳೆಯಲ್ಲಿರಲಿಲ್ಲ.

ಅವಳನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ರೇಸ್ ಕಾರು ಓಡಿಸುವುದು ಅವಳ ಗಂಡ. ತಂಡದ ಎಂಟು ಜನ ಮೆಕ್ಯಾನಿಕ್‌ಗಳಿಗೆ ಅವನು ಅಣ್ಣ, ಆದ್ದರಿಂದ ಅವಳು ಅತ್ತಿಗೆ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಮ್ಯಾನೇಜರೂ ಹಾಗೇ ಕರೆಯುತ್ತಿದ್ದ. ಕರೆಯಲು ಒಂದು ನಂಟು ಸಿಕ್ಕಿಬಿಟ್ಟರೆ, ಮಾಡಿಸಿಕೊಳ್ಳುವ ಕೆಲಸಕ್ಕೆ ಹೆಸರಿಡುವ ತೊಂದರೆ ತಪ್ಪುತ್ತದೆ. ಅವಳ ಕೊರಳಲ್ಲಿ ನೇತಾಡುವ ಪಾಸಿನ ಮೇಲೆ 'ಅತಿಥಿ' ಎಂದಿತ್ತು. ಆ ಅತಿಥಿ ಮುಂಜಾನೆ ಮೂರೂಮುಕ್ಕಾಲಿಗೆ ಎದ್ದು, ಗಂಡನಿಗೆ ಹೊತ್ತುಹೊತ್ತಿಗೆ ತಿನ್ನಿಸಿ ಕುಡಿಸಿ, ಆ ಎಂಟು ಜನರಿಗೂ ಅನ್ನ ಬಡಿಸಿ, ಪಾತ್ರೆ ತೊಳೆದು, ಬೆವರಿನ ಬಟ್ಟೆ ಒಗೆದು ಮಲಗುವಾಗ ಮೈ ತನ್ನದೆಂಬ ನೆನಪೂ ಉಳಿದಿರುತ್ತಿರಲಿಲ್ಲ.

ಮದುವೆಗೆ ಮುಂಚೆ ಅವಳು ರಕ್ತ, ಮೂತ್ರ ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮದುವೆಯಾದ ಮೇಲೂ ಐದು ವರ್ಷ ಮಾಡಿದಳು. ಸಾಲಾಗಿ ಬಂದು ಕೂತ ಬಾಟಲಿಗಳಿಗೆ ಹೆಸರಿನ ಚೀಟಿ ಅಂಟಿಸುವುದು, ಬಣ್ಣ ನೋಡುವುದು, ಬರೆದಿಡುವುದು. ಒಬ್ಬರ ಬಾಟಲಿಗೆ ಇನ್ನೊಬ್ಬರ ಹೆಸರು ಅಂಟಿದರೆ ಆ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪಾಪ ಬೇರೆ ಇರಲಿಲ್ಲ. ಗಂಡ ಊರೂರು ಸುತ್ತಿ ರೇಸಿಗೆ ಇಳಿಯತೊಡಗಿದಾಗ, ಅವನ ಊಟ ನೋಡಿಕೊಳ್ಳಲು ಒಬ್ಬರು ಜೊತೆಗಿರಲೇಬೇಕು ಎಂದಾಯಿತು. ಆ ಒಬ್ಬರು ಯಾರು ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಮಗಳನ್ನು ಅತ್ತೆಯ ಬಳಿ ಬಿಟ್ಟು ಹೊರಟಳು.

ಲ್ಯಾಬಿನ ವಿದ್ಯೆ ಮಾತ್ರ ಜೊತೆಗೇ ಬಂತು. ಮುಚ್ಚಿದ ಕಾರಿನಲ್ಲಿ, ದಪ್ಪ ಬಟ್ಟೆಯೊಳಗೆ ಒಂದೂವರೆ ಗಂಟೆ ಕೂತರೆ ಮೈಯಿಂದ ಎರಡು ಮೂರು ಲೀಟರು ನೀರು ಬೆವರಾಗಿ ಹೋಗುತ್ತದೆ. ಹೋಗುವುದನ್ನು ಮೊದಲೇ ತುಂಬಿಡಬೇಕು, ಅದೂ ಹಿಂದಿನ ದಿನದಿಂದಲೇ. ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಇರುವ ಸುಲಭ ದಾರಿ ಮೂತ್ರದ ಬಣ್ಣ. ಹೋದಲ್ಲೆಲ್ಲ ಬಾಡಿಗೆ ಮನೆಯ ಬಚ್ಚಲ ಗೋಡೆಗೆ ಅವಳು ಎಂಟು ಬಣ್ಣದ ಪಟ್ಟಿ ಅಂಟಿಸುತ್ತಿದ್ದಳು. ಒಂದನೆಯದು ತಿಳಿನೀರು, ಎಂಟನೆಯದು ಹಾಲು ಹಾಕದ ಕಡು ಚಹಾ. ಬೆಳಿಗ್ಗೆ ಎದ್ದವನು ಮೂತ್ರದ ಬಾಟಲಿಯನ್ನು ಪಟ್ಟಿಯ ಕೆಳಗಿಟ್ಟು ಬರಬೇಕು, ಅವಳು ಹೋಗಿ ನೋಡಬೇಕು. ಹೊರಗಿನವರಿಗೆ ಇದು ನಗುವ ಸಂಗತಿ. ಅವರಿಬ್ಬರಿಗೆ ಹಲ್ಲುಜ್ಜಿದಷ್ಟೇ ಸಹಜ.

ಆ ದಿನ ಬಾಟಲಿಯ ಬಣ್ಣ ಒಂದಕ್ಕೂ ಎರಡಕ್ಕೂ ನಡುವೆ ಇತ್ತು. ಆಕೆಗೆ ಸಮಾಧಾನವಾಯಿತು. ಚೆಲ್ಲಲೆಂದು ಕೈಗೆತ್ತಿಕೊಂಡಳು. ಬಾಟಲಿ ತಣ್ಣಗಿತ್ತು.

ಅವನು ಬಚ್ಚಲಿನಿಂದ ಹೊರಬಂದು ಒಂದು ನಿಮಿಷವೂ ಆಗಿರಲಿಲ್ಲ. ಮನುಷ್ಯನ ಮೈಯಿಂದ ಈಗತಾನೇ ಬಂದದ್ದು ಹೀಗೆ ತಣ್ಣಗಿರುವುದಿಲ್ಲ. ಅವಳು ಬಾಟಲಿ ಹಿಡಿದುಕೊಂಡೇ ನಿಂತಳು. ಕಣ್ಣು ಕೈತೊಳೆಯುವ ಬೇಸಿನ್ನಿನ ಮೇಲೆ ಹೋಯಿತು. ನಾಲ್ಕು ದಿನದಿಂದ ಅದರ ಕಿಂಡಿಯ ಸುತ್ತ ಇರುವೆಗಳು. ಪ್ರತಿ ಬೆಳಿಗ್ಗೆ ಬಿಸಿನೀರು ಹೊಯ್ದು ತೊಳೆಯುತ್ತಿದ್ದಳು, ಸಂಜೆಗೆ ಮತ್ತೆ ಸಾಲು ಕಟ್ಟುತ್ತಿದ್ದವು. ಹಳೇ ಮನೆ, ಎಲ್ಲಿಂದಲೋ ಬರುತ್ತವೆ ಎಂದುಕೊಂಡಿದ್ದಳು. ಬೇಸಿನ್ನಿನಲ್ಲಿ ಇರುವೆಗೆ ಏನು ಕೆಲಸ? ಅವಳು ಬಗ್ಗಿ ಕಿಂಡಿಯ ಅಂಚಿಗೆ ಬೆರಳು ಒತ್ತಿದಳು. ಬೆರಳು ಅಂಟಂಟಾಯಿತು. ಮೂಗಿಗೆ ಹಿಡಿದರೆ ನಿಂಬೆಯ ವಾಸನೆ.

ನಾಲ್ಕು ದಿನ ಹೊತ್ತು ನೋಡಿ ಅವನ ಕೈಗೆ ಕೊಟ್ಟ ನಿಂಬೆನೀರಿನ ಬಾಟಲಿಗಳೆಲ್ಲ ಇರುವೆಗಳ ಪಾಲಾಗಿದ್ದವು.

ಹೊರಗೆ ಬಂದಾಗ ಅವನು ತೂಕದ ಯಂತ್ರದ ಮೇಲೆ ನಿಂತಿದ್ದ. ಉಸಿರು ಬಿಗಿಹಿಡಿದಿದ್ದ, ಉಸಿರಿಗೂ ತೂಕವಿದೆ ಎಂಬಂತೆ.

"ಎಷ್ಟು?" ಎಂದಳು.

"ಅರವತ್ನಾಲ್ಕೂಕಾಲು." ಅವನ ತುಟಿ ಒಡೆದಿತ್ತು. "ಇನ್ನು ಕಾಲು ಕೆಜಿ ಕಣೇ."

"ರೀ, ಒಂಬತ್ತು ದಿನದ ಹಿಂದೆ ಅರವತ್ತೆಂಟಿತ್ತು. ಬಾಟಲೀಲಿ ನಲ್ಲಿ ನೀರು ಬೆರೆಸಿ ಯಾರಿಗೆ ಟೋಪಿ ಹಾಕ್ತಿದ್ದೀರಿ? ಲ್ಯಾಬಲ್ಲಿ ಏಳೆಂಟು ವರ್ಷ ಇದನ್ನೇ ನೋಡಿದವಳಿಗಾ?"

ಅವನು ಯಂತ್ರದಿಂದ ಇಳಿದು ಮಂಚದ ಅಂಚಿಗೆ ಕೂತ. ಸುಳ್ಳು ಹೇಳುವಷ್ಟು ಶಕ್ತಿಯೂ ಅವನಲ್ಲಿ ಉಳಿದಂತಿರಲಿಲ್ಲ.

"ಹೊಸ ಕಾರು ಭಾರ ಬಂದಿದೆ. ಬಿಚ್ಚೋದೆಲ್ಲ ಬಿಚ್ಚಿ ಆಯ್ತು. ಮ್ಯಾನೇಜರು ಕರೆದು ಹೇಳ್ದ, 'ಕಾರಲ್ಲಿ ತೆಗೆಯೋಕೆ ಇನ್ನೇನೂ ಉಳಿದಿಲ್ಲಪ್ಪ, ಇನ್ನು ನಿನ್ನಲ್ಲೇ ತೆಗೀಬೇಕು' ಅಂತ. ಹನ್ನೆರಡು ಗಂಟೆಗೆ ತೂಕ ನೋಡ್ತಾನೆ. ಅರವತ್ನಾಲ್ಕು ದಾಟಿದ್ರೆ ಆ ಬದಲಿ ಚಾಲಕನನ್ನ ಕೂರಿಸ್ತಾನೆ. ಅವನು ಐವತ್ತೆಂಟು ಕೆಜಿ. ವಯಸ್ಸು ಇಪ್ಪತ್ತೆರಡು. ಒಂದ್ಸಲ ಅವನು ಕೂತ ಅಂದ್ರೆ ನಾನು ಮತ್ತೆ ಆ ಕಾರು ಮುಟ್ಟೋದು ಒರೆಸೋಕೆ ಮಾತ್ರ."

"ಕಾರೊಳಗೆ ಕುಡಿಯೋ ಕೊಳವೆ ಇದೆಯಲ್ಲ, ಅದರಲ್ಲಾದ್ರೂ..."

"ಅದನ್ನ ಮೊನ್ನೆನೇ ಕಿತ್ತರು. ಚೀಲ, ಪಂಪು, ನೀರು ಎಲ್ಲ ಸೇರಿ ಒಂದೂವರೆ ಕೆಜಿ."

ಅವಳು ತಟ್ಟೆ ತಂದು ಅವನ ಮುಂದೆ ಇಟ್ಟಳು. ಅನ್ನ, ಆಲೂಗಡ್ಡೆ, ಮೊಟ್ಟೆಯ ಬಿಳಿ. ಅವನು ತಟ್ಟೆಯನ್ನು ನೋಡಿದ ರೀತಿ ಅವಳಿಗೆ ಸಹಿಸಲಾಗಲಿಲ್ಲ. ಹಸಿದವನು ಅನ್ನವನ್ನು ಶತ್ರುವಿನಂತೆ ನೋಡುವುದನ್ನು ಅವಳು ಅದೇ ಮೊದಲು ಕಂಡದ್ದು.

"ಹೋದ ರೇಸಲ್ಲಿ ಇಪ್ಪತ್ತೊಂದನೇ ಸುತ್ತಲ್ಲಿ ರೇಡಿಯೋದಲ್ಲಿ ಏನಂದ್ರಿ, ನೆನಪಿದೆಯಾ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಮಳೆ ನಿಂತಿತಾ ಅಂತ ಕೇಳಿದ್ರಿ. ಎಲ್ಲರೂ ಅಣ್ಣ ಜೋಕ್ ಹೊಡೀತಿದಾನೆ ಅಂತ ನಕ್ರು. ಹನಿ ಮಳೆ ಇರಲಿಲ್ಲ ರೀ. ಬಿಸಿಲು ಕಾಯ್ತಿತ್ತು. ಆವಾಗ ಚೀಲ ತುಂಬ ಕುಡಿದೇ ಕೂತಿದ್ರಿ. ಇವತ್ತು?"

"ಇದೊಂದು ರೇಸು ಕಣೇ. ಇದೊಂದು ಮುಗೀಲಿ. ಆಮೇಲೆ ನೀನು ಹಾಕಿದ್ದೆಲ್ಲ ತಿಂತೀನಿ. ಕಲ್ಲು ಹಾಕಿದ್ರೂ ತಿಂತೀನಿ."

ಅಷ್ಟರಲ್ಲಿ ಅವಳ ಫೋನು ಅದುರಿತು. ರೇಸಿನ ದಿನ ಆರು ಗಂಟೆಗೆ ಸರಿಯಾಗಿ ಅತ್ತೆಯ ಫೋನು.

"ಅವನು ತಿಂದನೇನೇ?"

ಗಂಡ ಅವಳತ್ತ ನೋಡಿದ. ಎರಡೂ ಕೈ ಮುಗಿದ.

"ತಿಂತಿದಾರೆ ಅತ್ತೆ."

"ಹೊಟ್ಟೆ ತುಂಬ ಹಾಕು. ಮೊನ್ನೆ ಟೀವೀಲಿ ಮುಖ ಬತ್ತಿಹೋಗಿತ್ತು. ನೀನು ಜೊತೆಗಿದ್ದು ಏನು ಮಾಡ್ತೀಯೋ ನನಗೆ ಗೊತ್ತಾಗಲ್ಲ."

ಎಂದಿನ ಮಾತೇ. ಅವಳು ಫೋನು ಇಟ್ಟಳು. ತಟ್ಟೆಯನ್ನು ಹಾಗೇ ಎತ್ತಿ ಡಬ್ಬಿಗೆ ಹಾಕಿ, ಒಲೆ ಆರಿಸಿ, ಮನೆಗೆ ಬೀಗ ಹಾಕಿ ಹೊರಟಳು. ತಾನು ಅರ್ಧ ಲೋಟ ಚಹಾ ಕುಡಿದು ಉಳಿದರ್ಧ ಒಲೆಯ ಪಕ್ಕ ಮರೆತುಬಂದದ್ದು ಅವಳಿಗೆ ನೆನಪಾಗಲಿಲ್ಲ. ಅವಳ ಚಹಾ ಯಾವತ್ತೂ ಅರ್ಧವೇ.

ಟ್ರ್ಯಾಕಿನಲ್ಲಿ ಒಂಬತ್ತಕ್ಕೆಲ್ಲ ಡಾಂಬರು ಹೊಗೆಯಾಡುತ್ತಿತ್ತು. ಗ್ಯಾರೇಜಿನ ಹಿಂದೆ ತಗಡಿನ ನೆರಳಲ್ಲಿ ಅವಳ ಅಡುಗೆಮನೆ: ಒಂದು ಗ್ಯಾಸ್ ಒಲೆ, ಒಂದು ಮೇಜು, ಐಸ್ ಡಬ್ಬ. ಟೈರುಗಳ ಗಾಳಿ, ಕಾವು ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕನೊಬ್ಬನಿದ್ದ, ಎಲ್ಲರ ಬಾಯಲ್ಲೂ ಟೈರಣ್ಣ. ಅವನು ಬ್ರೆಡ್ಡಿಗಾಗಿ ಕೈಚಾಚಿ ಬಂದ.

"ಅತ್ತಿಗೆ, ನಮ್ಮ ಟೈರುಗಳಿಗೂ ಸ್ವಲ್ಪ ಗಂಜಿ ಕಾಯಿಸಿ ಹಾಕಿ. ಬಿಸಿಲಿಗೆ ಅವೂ ಬಾಯಿ ಬಿಡ್ತಿವೆ."

"ಟೈರಣ್ಣ, ಇವರ ಮುಖ ನೋಡಿದ್ರಾ ಇವತ್ತು?"

ಅವನ ನಗು ಇಳಿಯಿತು. "ನೋಡ್ದೆ. ಹೆಲ್ಮೆಟ್ ಎತ್ತೋವಾಗ ಕೈ ನಡುಗ್ತಿತ್ತು." ಬ್ರೆಡ್ಡನ್ನು ಎರಡು ಮಾಡಿ ಹಿಡಿದುಕೊಂಡ, ತಿನ್ನಲಿಲ್ಲ. "ನಾನು ಹೇಳೋಕಾಗುತ್ತಾ ಅತ್ತಿಗೆ? ನಂದು ಟೈರು. ನೀವು ಮ್ಯಾನೇಜರಿಗೆ ಒಂದು ಮಾತು ಹಾಕಿ ನೋಡಿ."

ಹಾಕಿದಳು. ಮ್ಯಾನೇಜರು ಮೂರು ಪರದೆಗಳ ಮುಂದೆ ಕೂತಿದ್ದ. ಅವಳ ಮಾತು ಅರ್ಧ ಆಗುವಷ್ಟರಲ್ಲಿ ಕೈ ಎತ್ತಿದ.

"ಅತ್ತಿಗೆ, ನೀವು ಅನ್ನ ಸಾರು ಚೆನ್ನಾಗಿ ನೋಡ್ಕೋತೀರ. ನಾವ್ಯಾರಾದ್ರೂ ಬಂದು ಉಪ್ಪು ಹಾಕಿದ್ವಾ? ಹಾಗೇ ಇದು. ಅವರು ಚಿಕ್ಕ ಮಗು ಅಲ್ಲ. ತಾವೇ ಒಪ್ಪಿಕೊಂಡಿದಾರೆ."

"ಒಪ್ಪದಿದ್ರೆ?"

"ಒಪ್ಪದಿದ್ರೆ ಒಪ್ಪೋರು ಹೊರಗೆ ಕೂತಿದಾರಲ್ಲ." ಅವನು ಪರದೆಗೆ ತಿರುಗಿದ. "ಹಾಂ, ಹುಡುಗರಿಗೆ ನಿಂಬೆ ನೀರು ಕಳಿಸಿ. ಸೆಕೆ."

ಇನ್ನುಳಿದದ್ದು ಟ್ರ್ಯಾಕಿನ ಡಾಕ್ಟರಮ್ಮ. ಹಿಂದಿನ ತಿಂಗಳು ಬೇರೆ ತಂಡದವನೊಬ್ಬ ಕಾರಿನೊಳಗೇ ಎಚ್ಚರ ತಪ್ಪಿ ಗೋಡೆಗೆ ಹೊಡೆದಿದ್ದ. ಅದಾದ ಮೇಲೆ ಡಾಕ್ಟರಮ್ಮ ಒಂದು ನಿಯಮ ತಂದಿದ್ದರು. ಸುಡುಬಿಸಿಲಿನ ದಿನಗಳಲ್ಲಿ ಪ್ರತಿಯೊಬ್ಬ ಚಾಲಕನ ಮೂತ್ರದ ಬಾಟಲಿ, ಕಾರಿನ ನಂಬರು ಬರೆದು, ಹನ್ನೊಂದರೊಳಗೆ ಅವರ ಮೇಜಿನ ಮೇಲಿರಬೇಕು. ಬಣ್ಣ ಆರು ದಾಟಿದರೆ ಅವತ್ತು ಕಾರು ಹತ್ತುವಂತಿಲ್ಲ. ನೀರು ಬೆರೆಸಿ ಮೋಸ ಮಾಡಬಾರದೆಂದು ಬಾಟಲಿಯ ಮೈಗೆ ಕಾವು ತೋರಿಸುವ ಪಟ್ಟಿಯೂ ಇತ್ತು. ಬಿಸಿ ಇದ್ದರೆ ಹಸಿರು, ಆರಿದರೆ ಕಪ್ಪು. ಆದರೆ ಆ ಹೊತ್ತಿಗೆ ಚಾಲಕರಿಗೆಲ್ಲ ಸಭೆ ಇರುತ್ತಿದ್ದರಿಂದ ಬಾಟಲಿಯನ್ನು ತಂಡದವರು ಯಾರು ತಂದುಕೊಟ್ಟರೂ ನಡೆಯುತ್ತಿತ್ತು. ನಿಯಮ ಮಾಡಿದವರಿಗೆ ಹೆಂಡತಿಯರ ನೆನಪಿರಲಿಲ್ಲ.

ಹತ್ತಕ್ಕೆ ಐದು ನಿಮಿಷವಿದ್ದಾಗ ಅವನು ತಗಡಿನ ನೆರಳಿಗೆ ಬಂದ. ಕೈಯಲ್ಲಿ ಎರಡು ಬಾಟಲಿ. ಒಂದರಲ್ಲಿ ತಳದಿಂದ ಎರಡು ಬೆರಳಷ್ಟು ಮಾತ್ರ, ಕಡು ಚಹಾದ ಬಣ್ಣದ್ದು. ಇನ್ನೊಂದು ಖಾಲಿ. ಎರಡರ ಮೇಲೂ ಅವನೇ ಇಪ್ಪತ್ತೇಳು ಎಂದು ಬರೆದಿದ್ದ.

"ಮೊದಲ್ನೇದು ಬಿದ್ದೋಯ್ತು ಅಂತ ಹೇಳಿ ಇನ್ನೊಂದು ಇಸ್ಕೊಂಡೆ," ಎಂದು ಖಾಲಿಯದನ್ನು ಅವಳ ಅಂಗೈಯಲ್ಲಿಟ್ಟ. ಮುಖ ನೋಡಲಿಲ್ಲ. "ನಿಂದು ತುಂಬಿಸಿ ಕೊಟ್ಟುಬಿಡು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು. ಆ ನಗು ಬಾಯಿಗೆ ಬರುವಷ್ಟರಲ್ಲಿ ಇನ್ನೇನೋ ಆಯಿತು.

"ಇನ್ನು ಇದೊಂದು ಬಾಕಿ ಇತ್ತಲ್ಲ."

"ಬೇರೆ ಯಾರನ್ನ ಕೇಳ್ಲಿ ಹೇಳು?" ಅವನ ದನಿ ಒಡೆಯಿತು. "ಹದಿನಾಲ್ಕು ವರ್ಷದಿಂದ ಇದನ್ನ ಬಿಟ್ಟು ಏನೂ ಮಾಡಿಲ್ಲ ನಾನು. ಇದು ಹೋದ್ರೆ ನಾನು ಯಾರು? ನೀನೇ ಹೇಳು, ಯಾರು?"

"ನೀವು ಗೋಡೆಗೆ ಹೊಡೆದ್ರೆ ನಾನು ಯಾರು?"

"ಹೊಡೆಯಲ್ಲ. ನಿನ್ನಾಣೆ."

ಮೈಕಿನಲ್ಲಿ ಸಭೆಗೆ ಕರೆಯುತ್ತಿದ್ದರು. ಅವನು ತನ್ನ ಕಡು ಬಣ್ಣದ ಬಾಟಲಿಯನ್ನು ಮೇಜಿನ ಮೇಲೇ ಬಿಟ್ಟು ಹೋದ. ಹೋಗುವಾಗ ಒಮ್ಮೆ ಮೇಜಿನ ಅಂಚು ಹಿಡಿದುಕೊಂಡ. ಅದನ್ನು ಅವಳೊಬ್ಬಳೇ ನೋಡಿದಳು.

ಹೆಂಗಸರ ಪಾಯಿಖಾನೆ ಮೈದಾನದ ಕೊನೆಯಲ್ಲಿತ್ತು. ಹೆಂಗಸರು ಕಡಿಮೆ ಎಂದು ಅದರಲ್ಲಿ ಪೊರಕೆ, ಬಕೆಟ್, ಫಿನಾಯಿಲ್ ಡಬ್ಬಗಳನ್ನು ತುಂಬಿಟ್ಟಿದ್ದರು. ಅವಳು ಒಳಗೆ ಹೋಗಿ ಚಿಲಕ ಹಾಕಿದಳು. ಅವನ ಬಾಟಲಿಯನ್ನು ಏಪ್ರನ್ನಿನ ಒಳಗೆ, ಹೊಟ್ಟೆಗೆ ಒತ್ತಿ ಸಿಕ್ಕಿಸಿಕೊಂಡಿದ್ದಳು. ಕಾವು ಆರದಿರಲಿ ಎಂದು ಕೈ ತಾನಾಗಿಯೇ ಹಾಗೆ ಮಾಡಿತ್ತು. ಅವನದೇನಿದ್ದರೂ ಬೆಚ್ಚಗಿಡುವುದು, ತಣ್ಣಗಿಡುವುದು ಆ ಕೈಗೆ ಅಷ್ಟೊಂದು ರೂಢಿಯಾಗಿತ್ತು.

ಇನ್ನೊಂದು ಬಾಟಲಿ ಹಿಡಿದು ಕೂತಳು. ಕೂತೇ ಇದ್ದಳು. ಬಹಳ ಹೊತ್ತಿನ ಮೇಲೆ, ಉರಿಯುತ್ತ, ಸ್ವಲ್ಪವೇ ಸ್ವಲ್ಪ ಬಂತು. ಬೆಳಕಿನ ಕಿಂಡಿಗೆ ಹಿಡಿದು ನೋಡಿದಳು. ಏಪ್ರನ್ನಿನಿಂದ ಅವನದನ್ನು ತೆಗೆದು ಪಕ್ಕಕ್ಕೆ ಹಿಡಿದಳು.

ಎರಡೂ ಒಂದೇ ಬಣ್ಣ. ಅಲ್ಲ. ಅವಳದು ಒಂದು ಕೂದಲಷ್ಟು ಹೆಚ್ಚೇ ಕಡು.

ಅವಳು ಎರಡು ಬಾಟಲಿಗಳನ್ನೂ ಅದಲುಬದಲು ಮಾಡಿ ಹಿಡಿದು ನೋಡಿದಳು. ಲ್ಯಾಬಿನ ಕಣ್ಣು ಸುಳ್ಳು ಹೇಳಲಿಲ್ಲ. ತೂಕ ಇಳಿಸಲೆಂದು ನಾಲ್ಕು ದಿನ ಹಟ ಹಿಡಿದು ನೀರು ಬಿಟ್ಟವನು ಅವನು. ಅವಳು ಏನೂ ಬಿಟ್ಟಿರಲಿಲ್ಲ. ಕುಡಿಯಲು ನೆನಪಾಗಿರಲಿಲ್ಲ, ಅಷ್ಟೇ. ನಿನ್ನೆ ಎಷ್ಟು ಲೋಟ ನೀರು ಕುಡಿದೆ ಎಂದು ಲೆಕ್ಕ ಹಾಕಲು ಹೋದರೆ ಎಷ್ಟು ಬಾಟಲಿ ತುಂಬಿದೆ ಎಂಬುದೇ ನೆನಪಿಗೆ ಬರುತ್ತಿತ್ತು. ಬಣ್ಣದ ಪಟ್ಟಿ ಗೋಡೆಗೆ ಅಂಟಿಸಿದ್ದು ಅವಳೇ. ಅದರ ಮುಂದೆ ತನ್ನದೊಂದು ಬಾಟಲಿ ಇಟ್ಟು ನೋಡಬೇಕೆಂದು ಆರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಬೆಳಗಿನ ಹೊತ್ತು ಕಣ್ಣಿಗೆ ಕತ್ತಲೆ ಬರುವುದು, ಅನ್ನ ಬಡಿಸುವಾಗ ತಲೆ ಸುತ್ತುವುದು, ಇದಕ್ಕೆಲ್ಲ ವಯಸ್ಸಾಯಿತು ಎಂದುಕೊಂಡಿದ್ದಳು. ಅವಳಿಗೆ ಮೂವತ್ತಾರು.

ಏಪ್ರನ್ನಿನ ಜೇಬಿನಲ್ಲಿ 'ಹತ್ತು' ಎಂದು ಚೀಟಿ ಅಂಟಿಸಿದ ಬಾಟಲಿಯಿತ್ತು. ಅವನಿಗೆಂದು ತಂದದ್ದು, ಅವನು ಮುಟ್ಟದೆ ಹೋದದ್ದು. ಅವಳು ಮುಚ್ಚಳ ತೆಗೆದಳು. ಈ ನೀರನ್ನು ಸಾವಿರ ಸಲ ಬೆರೆಸಿದ್ದಾಳೆ. ಉಪ್ಪು ಹದವಾಗಿದೆಯೇ ಎಂದು ನಾಲಿಗೆಯ ತುದಿಗೆ ತಾಗಿಸಿದ್ದು ಬಿಟ್ಟರೆ ಒಂದು ಗುಟುಕು ಕುಡಿದವಳಲ್ಲ. ಈಗ ಬಾಟಲಿ ಎತ್ತಿ ಗಟಗಟನೆ ಕುಡಿದಳು. ಗಲ್ಲದಿಂದ ಹನಿ ಇಳಿದು ಕುತ್ತಿಗೆ ತೋಯಿತು. ಒಂದು ಲೀಟರೂ ಒಳಗಿಳಿದ ಮೇಲೆ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಉಸಿರುಬಿಟ್ಟಳು.

ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಈ ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆಂದು ಅವಳಿಗೆ ಗೊತ್ತು. ಅರ್ಧ ಮುಕ್ಕಾಲು ಗಂಟೆ. ಬೇಕಾದರೆ ಹನ್ನೊಂದರೊಳಗೆ ತಿಳಿಯಾದ, ಬಿಸಿಯಾದ ಬಾಟಲಿಯೊಂದು ಸಿದ್ಧವಾಗುತ್ತದೆ. ಬೇಕಾದರೆ. ಆ ಕಡು ಹನಿಗಳನ್ನು ಚೆಲ್ಲಿ ಬಾಟಲಿ ತೊಳೆದಿಟ್ಟಳು. ಅವನದನ್ನು ಮತ್ತೆ ಹೊಟ್ಟೆಗೆ ಸಿಕ್ಕಿಸಿಕೊಂಡಳು.

ಹೊರಗೆ ಯಾವುದೋ ಕಾರಿನ ಎಂಜಿನ್ ಕೂಗಿ ಆರಿತು. ತಗಡಿನ ಗೋಡೆ ಅದುರಿತು. ಅವಳು ಕೂತಲ್ಲೇ ಎರಡು ದಾರಿಗಳನ್ನೂ ಕೊನೆಯವರೆಗೆ ನಡೆದು ಬಂದಳು. ಒಂದರ ಕೊನೆಯಲ್ಲಿ ಅವನು ಮನೆಯಲ್ಲಿ ಕೂತಿದ್ದಾನೆ, ಗೋಡೆ ನೋಡುತ್ತ. ತಟ್ಟೆ ಇಟ್ಟರೆ ಉಣ್ಣುತ್ತಾನೆ, ಅವಳ ಮುಖ ನೋಡುವುದಿಲ್ಲ. ನೀನು ಜೊತೆಗಿದ್ದು ಹೀಗೆ ಮಾಡಿದೆಯಾ ಎಂದು ಅತ್ತೆ ಸಾಯುವತನಕ ಕೇಳುತ್ತಾಳೆ. ಇನ್ನೊಂದರ ಕೊನೆಯಲ್ಲಿ ಇಪ್ಪತ್ತೊಂದನೇ ಸುತ್ತು. ರೇಡಿಯೋದಲ್ಲಿ ಅವನು ಮಳೆಯ ವಿಷಯ ಕೇಳುತ್ತಾನೆ, ಎಲ್ಲರೂ ನಗುತ್ತಾರೆ, ಆಮೇಲೆ ಯಾರೂ ನಗುವುದಿಲ್ಲ. ಅಥವಾ ಏನೂ ಆಗುವುದೇ ಇಲ್ಲ. ಅವನು ಗೆದ್ದು ಬಂದು ಅವಳನ್ನು ಎತ್ತಿ ತಿರುಗಿಸುತ್ತಾನೆ, ಮುಂದಿನ ವಾರ ಮ್ಯಾನೇಜರು ಅರವತ್ತಮೂರು ಎನ್ನುತ್ತಾನೆ, ಮುಂದಿನ ವಾರವೂ ಒಂದು ಖಾಲಿ ಬಾಟಲಿ ಅವಳ ಅಂಗೈಗೆ ಬರುತ್ತದೆ. ಆ ಮೂರನೆಯದೇ ಅವಳಿಗೆ ಎಲ್ಲಕ್ಕಿಂತ ಭಯ ಹುಟ್ಟಿಸಿತು.

ಹತ್ತು ಐವತ್ತಕ್ಕೆ ಅವಳಿಗೆ ಅವಸರವಾಯಿತು. ಎಷ್ಟೋ ದಿನದ ಮೇಲೆ ಉರಿಯಿಲ್ಲದೆ, ಧಾರಾಳವಾಗಿ. ತೊಳೆದಿಟ್ಟ ಬಾಟಲಿ ಕೈಗೆಟುಕುವಲ್ಲೇ ಇತ್ತು. ಅವಳು ಅದನ್ನು ನೋಡಿದಳು. ಕೈ ಚಾಚಲಿಲ್ಲ. ಎಲ್ಲವೂ ಹೋಗಬೇಕಾದಲ್ಲಿಗೆ ಹೋಯಿತು. ನೀರು ಹೊಯ್ದಳು, ಕೈ ತೊಳೆದುಕೊಂಡಳು. ಖಾಲಿ ಬಾಟಲಿಯ ಮೇಲಿನ ಇಪ್ಪತ್ತೇಳನ್ನು ಉಗುರಿನಿಂದ ಕೆರೆದು ಕಸದ ಡಬ್ಬಕ್ಕೆ ಹಾಕಿದಳು.

ಚಿಲಕ ತೆಗೆದಾಗ ಬಿಸಿಲು ಮುಖಕ್ಕೆ ರಾಚಿತು. ಗ್ಯಾರೇಜಿನ ಮುಂದೆ ಹಾದುಹೋಗದೆ ಡಾಕ್ಟರಮ್ಮನ ಕೋಣೆಗೆ ಬೇರೆ ದಾರಿಯಿರಲಿಲ್ಲ. ಟೈರಣ್ಣ ತಲೆ ಎತ್ತಿದ. "ಅತ್ತಿಗೆ, ನಿಂಬೆ ನೀರು ಕೇಳ್ತಿದಾರೆ ಮ್ಯಾನೇಜರು!"

"ಡಬ್ಬದಲ್ಲಿದೆ. ಬಗ್ಗಿಸ್ಕೊಳ್ಳೋಕೆ ಹೇಳಿ," ಎಂದಳು, ನಡಿಗೆ ನಿಲ್ಲಿಸದೆ.

ಬಾಟಲಿಯನ್ನು ಏಪ್ರನ್ನಿನಿಂದ ತೆಗೆದು ಪಟ್ಟಿ ನೋಡಿದಳು. ಇನ್ನೂ ಹಸಿರಾಗಿತ್ತು. ಕಣ್ಣಿಗೆ ಕತ್ತಲೆ ಬರಲಿಲ್ಲ. ಡಾಕ್ಟರಮ್ಮನ ಮೇಜಿನ ಮೇಲೆ ಇಪ್ಪತ್ತಾರಕ್ಕೂ ಇಪ್ಪತ್ತೆಂಟಕ್ಕೂ ನಡುವೆ ಒಂದು ಜಾಗ ಖಾಲಿಯಿತ್ತು. ಯಾರೂ ಅವಳ ಕೈ ಹಿಡಿದಿರಲಿಲ್ಲ, ಯಾರೂ ತಡೆಯಲಿಲ್ಲ. ಅವಳು ನಂಬರು ಮುಂದಕ್ಕೆ ಕಾಣುವ ಹಾಗೆ ತಿರುಗಿಸಿ, ಅವನದನ್ನೇ ಅಲ್ಲಿಟ್ಟಳು.